ಲೋಲಕನನ್ನು ಹಿಡಿಯಬೇಕಿದ್ದ ಸೂಪರ್‌ಹೀರೋಗಳು

ಎತ್ತರದ ಕಟ್ಟಡಗಳ ಗಾಜು ಒರೆಸುವುದು ಅವನ ಕಸುಬು. ಬೆಳಗಿನಿಂದ ಸಂಜೆಯವರೆಗೆ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗಾಡುವವನನ್ನು ಬೀದಿಯವರು ಇನ್ನೇನೆಂದು ಕರೆದಾರು? ಲೋಲಕ ಎಂದೇ ಕರೆದರು. ಅವನು ಒರೆಸುತ್ತಿದ್ದ ಕಟ್ಟಡಗಳಾದರೂ ಎಂಥವು! ಮೇಲಿನಿಂದ ಒದ್ದೆ ಬಟ್ಟೆ ಕೈಜಾರಿದರೆ ನೆಲ ಮುಟ್ಟುವಷ್ಟರಲ್ಲಿ ಅದು ಒಣಗಿ, ಗಾಳಿಯ ಪೆಟ್ಟಿಗೆ ಇಸ್ತ್ರಿಯೂ ಆಗಿರುತ್ತಿತ್ತು. ಅಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳು ನೆಲಕ್ಕಿಳಿಯುವ ಮೊದಲು ಸಂಸಾರಕ್ಕೆಲ್ಲ ಹೋಗಿಬರುತ್ತೇನೆಂದು ಹೇಳಿ ಹೊರಡುತ್ತಿದ್ದವು.

ಹಾಗೆಂದು ಅವನಿಗೆ ಭಯವೇ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮನೆಯ ಸ್ಟೂಲು ಕಂಡರೆ ಅವನಿಗೆ ಮೈಯೆಲ್ಲ ಬೆವರು. ಬಲ್ಬು ಬದಲಿಸುವುದು ಹೆಂಡತಿಯ ಕೆಲಸ.

"ಇಪ್ಪತ್ತನೇ ಮಹಡೀಲಿ ನೇತಾಡ್ತೀರಿ, ಒಂದು ಸ್ಟೂಲು ಹತ್ತೋಕಾಗಲ್ವೇನ್ರೀ?" ಎಂದು ಅವಳು ಕೇಳಿದರೆ, "ಅಲ್ಲಿ ಹಗ್ಗ ಇದೆ ಕಣೇ. ಈ ಸ್ಟೂಲಿಗೇನಿದೆ? ಮೂರೂವರೆ ಕಾಲು!" ಎನ್ನುತ್ತಿದ್ದ.

ಆದರೆ ಅವನ ತಾಯಿಗೆ ಹಗ್ಗದ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಮಗ ಈ ಕೆಲಸಕ್ಕೆ ಸೇರಿದಂದಿನಿಂದ ಆಕೆ ಬೀದಿಯಲ್ಲಿ ತಲೆಯೆತ್ತಿ ನೋಡುವುದನ್ನೇ ಬಿಟ್ಟಿದ್ದಳು. ನೆಲ ನೋಡಿಕೊಂಡೇ ನಡೆಯುತ್ತಿದ್ದುದರಿಂದ ಪರಿಚಯದವರನ್ನೆಲ್ಲ ಚಪ್ಪಲಿಯ ಮೇಲೆಯೇ ಗುರುತಿಸುತ್ತಿದ್ದಳು. ಹೊಸ ಚಪ್ಪಲಿ ಕೊಂಡವರು ಆಕೆಗೆ ತಾವು ಯಾರೆಂದು ಮತ್ತೆ ಹೇಳಿಕೊಳ್ಳಬೇಕಾಗುತ್ತಿತ್ತು. ಇದೆಲ್ಲ ನಗುವ ಮಾತು. ನಗುವ ಮಾತಲ್ಲದ್ದೆಂದರೆ, ಸಂಜೆ ಮಗ ಬಂದು ಬಾಗಿಲು ತಟ್ಟುವ ತನಕ ಆಕೆಯ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

"ಹಗ್ಗಕ್ಕೆ ಕಣ್ಣಿದೆಯೇನೋ? ಕಿವಿ ಇದೆಯೇನೋ? ನೀನು ಅಯ್ಯೋ ಅಂದ್ರೆ ಅದು ಏನಾಯ್ತಪ್ಪಾ ಅಂತ ಕೇಳುತ್ತಾ? ನಿನ್ನನ್ನ ಹಿಡಿಯೋಕೆ ಒಬ್ಬ ಮನುಷ್ಯ ಬೇಕು ಕಣೋ. ಅವನನ್ನ ಒಂದ್ಸಲ ನಾನು ಕಣ್ಣಾರೆ ನೋಡಿಬಿಡ್ತೀನಿ. ಆಮೇಲೆ ನೀನು ಬೇಕಾದ್ರೆ ಹೋಗಿ ಚಂದ್ರನ್ನೇ ಒರೆಸು."

ಲೋಲಕನಿಗೆ ಜೀವನದಲ್ಲಿ ಇದೊಂದೇ ಕೊರಗು. ಅಮ್ಮ ಒಂದು ಸಲ ತಲೆಯೆತ್ತಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು.

ಹೀಗಿರುವಾಗ ಸಿನಿಮಾದವರು ಬಂದರು. ಹಳದಿ ಹೊದಿಕೆ ಬೆನ್ನಿಗೆ ಕಟ್ಟಿಕೊಂಡು ಹಾರುವ ಸೂಪರ್‌ಹೀರೋ ಒಬ್ಬನ ಕಥೆ. ಕಟ್ಟಡದ ಅಂಚಿನಿಂದ ಬೀಳಲಿರುವ ಬಡಪಾಯಿಯೊಬ್ಬನನ್ನು ಹೀರೋ ಗಾಳಿಯಲ್ಲಿ ತೇಲಿಬಂದು ಕೈಹಿಡಿದು ಎತ್ತಬೇಕು. ಆ ಬಡಪಾಯಿಗಾಗಿ ಹುಡುಕುತ್ತಿದ್ದ ನಿರ್ದೇಶಕ ಕತ್ತೆತ್ತಿ ನೋಡಿದಾಗ ಲೋಲಕ ಮುಗಿಲಿಗೆ ಬೆನ್ನು ಕೊಟ್ಟು, ಕಾಲು ಇಳಿಬಿಟ್ಟು, ಬುತ್ತಿ ಬಿಚ್ಚಿ ಉಣ್ಣುತ್ತಿದ್ದ. ಹುಡುಕಾಟ ಅಲ್ಲಿಗೇ ಮುಗಿಯಿತು.

ತೊಂದರೆ ಶುರುವಾದದ್ದು ಚಿತ್ರೀಕರಣದ ದಿನ.

"ಅಯ್ಯಾ, ನೀನೀಗ ಸಾಯ್ತಾ ಇದ್ದೀಯ! ಮುಖದಲ್ಲಿ ಸ್ವಲ್ಪನಾದ್ರೂ ಕಾಣ್ಲಿ!" ಎಂದು ನಿರ್ದೇಶಕ ಕೆಳಗಿನಿಂದ ಅರಚಿದ.

"ಎಲ್ಲಿ ಸಾರ್ ಸಾಯೋದು? ಹಗ್ಗ ಗಟ್ಟಿಮುಟ್ಟಾಗಿದೆ!"

ಏನು ಮಾಡಿದರೂ ಆ ಮುಖದಲ್ಲಿ ಉಂಡು ಮಲಗುವವನ ಕಳೆ ಹೋಗಲೊಲ್ಲದು. ಕೊನೆಗೆ ನೋಡಲು ಬಂದಿದ್ದ ಹೆಂಡತಿ ನಿರ್ದೇಶಕನ ಕಿವಿಯಲ್ಲಿ ಗುಟ್ಟು ಹೇಳಿದಳು. ಮನೆಯಿಂದ ಸ್ಟೂಲು ಬಂತು. ಅವನನ್ನು ಅದರ ಮೇಲೆ ನಿಲ್ಲಿಸಿದ್ದೇ ತಡ, "ಕಾಪಾಡೀ!" ಎಂದು ಹೊರಟ ಕೂಗಿಗೆ ಮೂರು ಬೀದಿಯಾಚೆಯ ಅಗ್ನಿಶಾಮಕದವರು ಗಂಟೆ ಬಾರಿಸಿಕೊಂಡು ಬಂದುಬಿಟ್ಟರು. ಅದೇ ಮುಖವನ್ನು ಸೆರೆಹಿಡಿದರು. ಹೀರೋ ಬಂದು ಕೈಹಿಡಿಯುವ ಭಾಗವಷ್ಟೇ ಬಾಕಿ.

"ಥಿಯೇಟರಲ್ಲಿ ಮುಂದಿನ ಸಾಲಲ್ಲೇ ಕೂತ್ಕೋತೀನಿ. ನಿನ್ನನ್ನ ಹಿಡಿಯೋನನ್ನ ನೋಡೋಕೆ ಅಲ್ಲಿ ತಲೆ ಎತ್ತುತೀನಿ," ಎಂದಳು ತಾಯಿ.

ಹೊದಿಕೆ ಹಳದಿಯಿರಲಿ ಎಂದು ನಿರ್ದೇಶಕ, ನೀಲಿಯಾಗಲಿ ಎಂದು ನಿರ್ಮಾಪಕ. ಮಾತಿಗೆ ಮಾತು ಬೆಳೆದು ಸಿನಿಮಾ ನಿಂತುಹೋಯಿತು.

"ಹೀರೋ ಬಂದು ಕೈ ಕೊಡ್ತಾನೆ ಅಂತಿದ್ರಲ್ಲ," ಎಂದಳು ಹೆಂಡತಿ. "ಕೊಟ್ಟ ನೋಡಿ."

ಆದರೂ ಬೀಳುವ ಮುಖವೆಂದರೆ ಲೋಲಕನದೇ ಎಂದು ಸಿನಿಮಾದವರಲ್ಲಿ ಸುದ್ದಿಯಾಗಿತ್ತು. ಎರಡನೆಯ ಸಿನಿಮಾಕ್ಕೂ ಕರೆ ಬಂತು. ಈ ಸಲದ ಹೀರೋ ಯಾರ ಕಣ್ಣಿಗೂ ಕಾಣದವನು. ಎಲ್ಲ ತಯಾರಾದ ಮೇಲೆ ನಟ ಮಹಾಶಯ ಕಥೆ ಓದಿ, "ನಾನು ಕಾಣೋದೇ ಇಲ್ಲ ಅಂದ್ರೆ ನನ್ನ ಅಭಿಮಾನಿಗಳು ಬಂದು ಏನು ನೋಡ್ತಾರ್ರೀ?" ಎಂದು ಕೇಳಿದ. ಅದುವರೆಗೆ ಈ ಪ್ರಶ್ನೆ ಅಲ್ಲಿದ್ದ ಯಾರ ತಲೆಗೂ ಹೊಳೆದಿರಲಿಲ್ಲ. ಅಂದೇ ನಟ ಎದ್ದುಹೋಗಿ ನಿಜವಾಗಿಯೂ ಅದೃಶ್ಯನಾದ.

"ನಿಂತಿದ್ದೇ ಒಳ್ಳೇದಾಯ್ತು ಬಿಡು," ಎಂದಳು ತಾಯಿ. "ಕಾಣದೇ ಇರೋನನ್ನ ನಾನು ಹೇಗೋ ನೋಡ್ಲಿ?"

ಮೂರನೆಯದರಲ್ಲಿ ಹೀರೋಗಳು ಇಬ್ಬರು. ಇಬ್ಬರೂ ಘಟಾನುಘಟಿಗಳು. ಲೋಲಕನನ್ನು ಇಬ್ಬರೂ ಒಟ್ಟಿಗೆ ಹಾರಿಬಂದು ಒಂದೊಂದು ಕೈ ಹಿಡಿದು ಎತ್ತಬೇಕು. ಬಲಗೈ ತನ್ನದು ಎಂದು ಒಬ್ಬ. ಎಡಗೈ ಹಿಡಿದರೆ ತನ್ನ ಮರ್ಯಾದೆಯ ಗತಿಯೇನು ಎಂದು ಇನ್ನೊಬ್ಬ. ಲೋಲಕ ಎರಡೂ ಕೈ ಚಾಚಿಕೊಂಡು ಒಣಹಾಕಿದ ಅಂಗಿಯಂತೆ ಮಧ್ಯಾಹ್ನವಿಡೀ ನೇತಾಡಿದ.

"ನಿನಗೆ ಎರಡೂ ಬಲಗೈ ಆಗಿದ್ದಿದ್ರೆ ಎಷ್ಟು ಚೆನ್ನಾಗಿತ್ತಯ್ಯಾ," ಎಂದು ನಿರ್ದೇಶಕ ನಿಟ್ಟುಸಿರುಬಿಟ್ಟ. ಆ ಸಿನಿಮಾವೂ ನಿಂತಿತು.

ಬೇರೆಯವರಾಗಿದ್ದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಲೋಲಕ ಮಾತ್ರ ಆಗದ ಸಿನಿಮಾಗಳನ್ನು ತಾನೊರೆಸಿದ ಗಾಜಿನಲ್ಲಿ ದಿನವೂ ಆಡಿಸಿಕೊಂಡ. ಹಳದಿ ಹೊದಿಕೆಯವನು ಅವನನ್ನು ಹಿಡಿದು ನೇರ ಮನೆಬಾಗಿಲಿಗೆ ತಂದಿಳಿಸಿ, "ಅಮ್ಮಾ, ನಿಮ್ಮ ಮಗನ್ನ ತಂದಿದ್ದೀನಿ. ನೀವು ಊಟಕ್ಕೇಳಿ," ಎನ್ನುತ್ತಿದ್ದ. ಅಮ್ಮ ಅವನನ್ನೂ ಬಿಡದೆ ಪಕ್ಕದಲ್ಲೇ ಎಲೆ ಹಾಕಿ ಕೂರಿಸುತ್ತಿದ್ದಳು. ಈ ಗುಂಗಿನಲ್ಲಿ ಲೋಲಕ ಗಾಜಿನ ಹೊರಗೆ ನಗುತ್ತಿದ್ದರೆ, ಒಳಗೆ ಮೇಜಿಗೆ ಕೂತಿದ್ದ ಗುಮಾಸ್ತರು ತಮ್ಮನ್ನೇ ನೋಡಿ ನಕ್ಕನೆಂದು ತಿಳಿದು ತಾವೂ ನಗುತ್ತಿದ್ದರು. ಆ ಆಫೀಸಿನಲ್ಲಿ ಅಷ್ಟು ನಗು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

ಆದರೆ ಮೂರನೆಯದೂ ನಿಂತಿತೆಂದು ತಾಯಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ರಜೆಯ ದಿನ ಮುಖ ಊದಿಸಿಕೊಂಡು ಕೂತಿದ್ದಾಗ ಸಮಾಧಾನ ಹೇಳಲು ಅವನ ಜೊತೆಗಾರ ಬಂದ. ಅವನ ಅಡ್ಡಹೆಸರು ಗೂಟ. ಕೂತ ಜಾಗದಿಂದ ಏಳುವ ಪೈಕಿಯೇ ಅಲ್ಲ. ಕಟ್ಟಡಕ್ಕೆ ಸಿಡಿಲು ಬಡಿದರೂ ಸಿಡಿಲೇ ಅವನನ್ನು ಬಳಸಿಕೊಂಡು ಹೋಗಬೇಕು.

ತಾಯಿ ಗುರುತಿಲ್ಲದ ಚಪ್ಪಲಿ ನೋಡಿ, "ನೀನ್ಯಾರಪ್ಪ?" ಎಂದಳು.

"ನಾನು ಮೇಲೆ ಹಗ್ಗ ನೋಡ್ಕೊಳ್ಳೋನು ಅಮ್ಮಾ."

"ಮೇಲೆ ಅಂದ್ರೆ?"

"ತಾರಸಿ ಮೇಲೆ. ಇವನು ಕೆಳಗೆ ಇಳಿದಿರೋವಾಗ ನಾನು ಹಗ್ಗದ ಪಕ್ಕದಲ್ಲೇ ಕೂತಿರ್ತೀನಿ. ಇವನು ಕೂಗಿದ್ರೆ ಮೇಲೆ ಎಳ್ಕೋತೀನಿ."

ತಾಯಿ ನಿಧಾನವಾಗಿ ಮಗನ ಕಡೆ ತಿರುಗಿದಳು.

"ಮೇಲೆ ಜನ ಇರ್ತಾರೇನೋ?"

"ಇರದೇ ಏನಮ್ಮ? ಗೂಟ ಇರ್ತಾನೆ."

"ಇಷ್ಟು ವರ್ಷ ಯಾಕೋ ಬೊಗಳಲಿಲ್ಲ?"

"ನೀನು ಕೇಳ್ತಿದ್ದಿದ್ದು ಹಗ್ಗದ ವಿಷಯ ಅಲ್ವೇನಮ್ಮಾ…" ಎಂದು ಲೋಲಕ ತಲೆ ಕೆರೆದುಕೊಂಡ. ಹಾರಿಬರುವವರನ್ನು ಕಾಯುವ ಭರದಲ್ಲಿ ಕೂತೇ ಇರುವವನು ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆ ಸೇರಿದಳು.

ತಾಯಿ ಗೂಟನನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷೆಗೆ ಹಚ್ಚಿದಳು. ಕಣ್ಣು ಸರಿಯಾಗಿ ಕಾಣುತ್ತಾ? ಊಟ ಆದ ಮೇಲೆ ತೂಕಡಿಕೆ ಬರುತ್ತಾ? ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಇರುವೆಗೂ ಕೇಳಿಸದಷ್ಟು ಮೆಲ್ಲಗೆ, "ಅಯ್ಯೋ," ಎಂದಳು.

"ಏನಾಯ್ತಮ್ಮಾ?" ಎಂದ ಗೂಟ ಹೊರಗಿನಿಂದ.

ಮರುದಿನ ಬೆಳಿಗ್ಗೆ ಮಗನ ಬುತ್ತಿಯ ಜೊತೆಗೆ ತನ್ನದನ್ನೂ ಕಟ್ಟಿಕೊಂಡು ಆಕೆ ಕೆಲಸದ ಜಾಗಕ್ಕೇ ಹೊರಟುಬಂದಳು. ಕಟ್ಟಡದ ಬುಡದಲ್ಲಿ ನಿಂತು ಕಣ್ಣು ಮುಚ್ಚಿಕೊಂಡು ಕತ್ತೆತ್ತಿದಳು. ಅಷ್ಟು ಕಾಲ ಬಳಸದ ಕತ್ತು. ಅದು ಕಿರುಗುಟ್ಟಿದ ಸದ್ದಿಗೆ ಕಾವಲುಗಾರ ಗೇಟಿನ ಕೀಲಿಗೆ ಎಣ್ಣೆ ಬಿಟ್ಟನಂತೆ. ಆಮೇಲೆ ಆಕೆ ಕಣ್ಣು ತೆರೆದಳು.

ತಾರಸಿಯ ಅಂಚಿನಲ್ಲಿ ಗೂಟನ ತಲೆ ಕಾಣಿಸಿತು. ಆಕೆಯನ್ನು ಕಂಡು ಅವನು ಕೈಬೀಸಿದ.

"ಕೈ ಆಮೇಲೆ ಬೀಸುವೆಯಂತೆ! ಮೊದಲು ಹಗ್ಗ ನೋಡೋ!" ಎಂದು ಕೂಗಿದಳು. ಆ ಕೂಗು ಒಂದೊಂದೇ ಮಹಡಿ ಹತ್ತಿಕೊಂಡು ಹೋಗಿ ತಾರಸಿ ತಲುಪಿತು. ಕೈ ಥಟ್ಟನೆ ಮಾಯವಾಯಿತು, ತಲೆ ಅಲ್ಲೇ ಉಳಿಯಿತು.

ಆಕೆಗೆ ಅಷ್ಟು ಸಾಕಿತ್ತು. ಕಟ್ಟಡದ ಮೆಟ್ಟಿಲ ಮೇಲೆ ಕೂತು, ನಡುಹಗಲಾಗುತ್ತಲೇ ಬುತ್ತಿ ಬಿಚ್ಚಿ, ಕತ್ತೆತ್ತಿ ಮಗನನ್ನು ನೋಡುತ್ತ ನೋಡುತ್ತ ತುತ್ತಿನ ಮೇಲೆ ತುತ್ತು ಉಂಡಳು. ಹಲಗೆಯ ಮೇಲಿದ್ದ ಲೋಲಕನಿಗೆ ಅದು ಕಂಡು ಕಣ್ಣು ಮಂಜಾಯಿತು. ಮುಂದಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸತೊಡಗಿದ.

ಕೆಳಗಿನಿಂದ ತುತ್ತು ತುಂಬಿದ ಬಾಯಿಯ ದನಿ ಮೇಲೇರಿ ಬಂತು.

"ಲೋ! ಅದನ್ನೇ ಎಷ್ಟು ಉಜ್ಜುತೀಯೋ? ಆ ಎಡಗಡೆ ಮೂಲೇನ ಯಾರು, ನಿಮ್ಮಪ್ಪ ಬಂದು ಒರೆಸ್ತಾನಾ?"