ಮೇಸ್ತ್ರಿ ಕಟ್ಟಿದ ಹಲ್ಲು

ಊರಿನ ಅರ್ಧ ಜನ ನಗುವುದು ತನ್ನ ಕೃಪೆಯಿಂದಲೇ ಎಂದು ಮೇಸ್ತ್ರಿ ಜಂಬ ಕೊಚ್ಚಿಕೊಳ್ಳುತ್ತಿದ್ದ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಹೊಂದುವ ಕಟ್ಟುಹಲ್ಲು ಮಾಡಿಕೊಡುವುದು ಅವನ ಕಸುಬು. ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಅಲ್ಲಿ ಕಪಾಟಿನ ತುಂಬ ಬಾಯಿಗಳು, ಮುಖ ಒಂದೂ ಇಲ್ಲ. ಹೊಸಬರು ಅದಕ್ಕೆ ಬೆನ್ನು ಹಾಕಿ ಕೂರಲು ಹಿಂಜರಿಯುತ್ತಿದ್ದರು.

ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿಗೆ ದ್ರವ ಬೆರೆಸಿ ಒಸಡು ಮಾಡುವಾಗ ಕೈಗವಸು ತಾಗಿದರೆ ಮೆತ್ತಗಿನ ಹಿಟ್ಟಿನ ಮೇಲೆ ಸುಕ್ಕು ಬೀಳುತ್ತದೆ. ಅದಕ್ಕೇ ಅವನು ಬರಿಬೆರಳನ್ನು ದ್ರವದಲ್ಲಿ ಅದ್ದಿ ನೀವುತ್ತಿದ್ದ. ಬಾಟಲಿಯ ಮೇಲೆ ಎಚ್ಚರಿಕೆ ಬರೆದವರು ಯಾವತ್ತಾದರೂ ಹಲ್ಲು ಕಟ್ಟಿದ್ದಾರೇನು ಎಂಬುದು ಅವನ ವಾದ. ಇಂಥ ಹಟಮಾರಿಗೆ ಬುದ್ಧಿ ಹೇಳುವವರು ಯಾರು?

ಹೆಂಡತಿ ಮೆಟ್ಟಿಲಿನಿಂದ ಜಾರಿ ಬಿದ್ದು ಮುಂದಿನ ಹಲ್ಲುಗಳನ್ನು ಕಳೆದುಕೊಂಡಾಗ ಅವನು ಉಳಿದ ಕೆಲಸವನ್ನೆಲ್ಲ ಬದಿಗಿಟ್ಟ. ಮದುವೆಯ ಫೋಟೋ ಎದುರಿಗಿಟ್ಟುಕೊಂಡು ಆ ವಯಸ್ಸಿನ ಹಲ್ಲನ್ನೇ ಕಟ್ಟಿದ. ಹಾಕಿಕೊಂಡು ಅವಳು ನಕ್ಕಾಗ ಇಬ್ಬರಿಗೂ ಒಂಥರಾ ಆಯಿತು. ಮುಖಕ್ಕೆ ವಯಸ್ಸಾಗಿತ್ತು, ಬಾಯಿಗೆ ಆಗಿರಲಿಲ್ಲ.

"ಬಾಯಿ ಉರಿಯತ್ತೆ ರೀ," ಎಂದಳು ಸ್ವಲ್ಪ ದಿನದಲ್ಲೇ.

"ಸಡಿಲ ಇರ್ಬೇಕು, ಉಜ್ತಾ ಇದೆ. ಕೊಡಿಲ್ಲಿ."

ಗಿರಾಕಿಗಳ ಸೆಟ್ಟನ್ನು ಬೇಯಿಸಿ, ಉಳಿದ ದ್ರವ ಬಿಟ್ಟುಹೋಗಲೆಂದು ನೀರಲ್ಲಿ ನೆನೆಹಾಕಿ, ಆಮೇಲಷ್ಟೇ ಕೊಡುವವನು ಅವನು. ಆದರೆ ಹೆಂಡತಿಯನ್ನು ಬೋಳುಬಾಯಲ್ಲಿ ಕೂರಿಸಲು ಮನಸ್ಸಾಗಲಿಲ್ಲ. ಬೇಗ ಗಟ್ಟಿಯಾಗುವ ಹಿಟ್ಟನ್ನು ಒಳಗಡೆ ಮೆತ್ತಿ, ನಲ್ಲಿಯಡಿ ತೊಳೆದು, ಹಿಟ್ಟು ಗಟ್ಟಿಯಾಗುವಾಗ ಹುಟ್ಟಿದ ಬಿಸಿ ಆರುವ ಮುಂಚೆ ಬಾಯಿಗಿಟ್ಟ. ಉರಿ ಹೆಚ್ಚಿತು. ಇನ್ನೊಂದು ಪದರ ಮೆತ್ತಿದ. ತುಟಿಯ ಒಳಗೆಲ್ಲ ಬೆಳ್ಳಗಾಯಿತು, ನಾಲಿಗೆ ಸುಲಿಯಿತು. ವಟವಟ ಎನ್ನುತ್ತಿದ್ದ ಹೆಂಗಸು ಮಾತೇ ಬಿಟ್ಟಳು. ಕಿಟಕಿಯ ಬಳಿ ತುಟಿ ತೆರೆದು ಕೂತಿರುತ್ತಿದ್ದಳು. ಒಳಗೆ ಬಂದ ಮೇಸ್ತ್ರಿ, ಇದ್ಯಾರದು ಎಂದು ಒಮ್ಮೊಮ್ಮೆ ಬೆಚ್ಚುತ್ತಿದ್ದ.

"ಏನ್ ತಿಂದ್ರೂ ಒಂದೇ ರುಚಿ," ಎಂದಳು ಒಮ್ಮೆ. "ನೀರೂ ಅಷ್ಟೇ. ಹೊಸ ಪ್ಲಾಸ್ಟಿಕ್ ನೆಕ್ಕಿದ ಹಾಗೆ."

ಚರ್ಮದ ಡಾಕ್ಟರಮ್ಮ ಅವಳ ಬೆನ್ನಿಗೆ ಬೇರೆ ಬೇರೆ ವಸ್ತು ಸವರಿದ ಪಟ್ಟಿಗಳನ್ನು ಅಂಟಿಸಿ ಕಳಿಸಿದರು. ಮತ್ತೆ ಹೋದಾಗ ಒಂದರ ಅಡಿ ಚರ್ಮ ಕೆಂಪಗೆ ಊದಿತ್ತು.

"ಸಾಮಾನು ಕೆಡದೆ ಇರಲಿ ಅಂತ ಈ ಪಟ್ಟಿಲಿರೋದನ್ನ ಸೇರಿಸ್ತಾರೆ. ನಿಮ್ಮ ದ್ರವದಲ್ಲಿ, ಕ್ರೀಮಲ್ಲಿ, ಎಣ್ಣೆಯಲ್ಲೂ ಇರಬಹುದು. ಹೆಚ್ಚಿನವರಿಗೆ ಏನೂ ಮಾಡಲ್ಲ, ಇವರಿಗೆ ಒಗ್ಗಲ್ಲ. ಉರಿ ಅಂದಾಗ ನೀವೇನು ಮಾಡಿದ್ರಿ?"

"ಮತ್ತೆ ಮೆತ್ತಿದೆ."

"ಅಂದ್ರೆ ಅದನ್ನೇ ಮತ್ತೆ ಮತ್ತೆ ಬಾಯಿಗೆ ಹಾಕಿದ್ದೀರಿ."

ಔಷಧಿ ಎಂದುಕೊಂಡು ಕೊಟ್ಟದ್ದೇ ರೋಗ. ಅವಳನ್ನು ಹೇಗೆ ಮನೆಗೆ ಕರೆತಂದನೋ ಮೇಸ್ತ್ರಿಗೇ ಗೊತ್ತಿಲ್ಲ.

ಹಲ್ಲು ತೆಗೆದಿಟ್ಟ ಮೇಲೆ ನಿಧಾನಕ್ಕೆ ಬಾಯಿ ಮಾಗಿತು. ತೊದಲಿದರೂ ಮಾತು ಬಂತು, ಬೈಗುಳ ಬಂತು. ಬೈಸಿಕೊಂಡು ಅಷ್ಟೊಂದು ಸಂತೋಷಪಟ್ಟ ಗಂಡ ಇನ್ನೊಬ್ಬನಿರಲಿಕ್ಕಿಲ್ಲ. ಹಸಿವು ಎಂದು ಅವಳೇ ಬಾಯಿಬಿಟ್ಟು ಕೇಳಿದ ದಿನ, ಅವನು ಸೋಪು ಹಾಕಿ ಕೈ ತಿಕ್ಕಿ ತೊಳೆದು, ಬಾಳೆಹಣ್ಣನ್ನು ಬೆರಳಲ್ಲಿ ಕಿವುಚಿ ತುತ್ತು ಕೊಟ್ಟ.

ಅವಳ ದವಡೆ ಅರ್ಧಕ್ಕೆ ನಿಂತಿತು.

"ಅದೇ ರುಚಿ," ಎಂದಳು.

"ಹಲ್ಲು ತೆಗೆದಾಯ್ತಲ್ಲೇ."

"ಹಲ್ಲಿಂದಲ್ಲ."

ಅವಳು ಅವನ ಕೈಯನ್ನು ಮೆಲ್ಲಗೆ ದೂರ ಸರಿಸಿ, ಬಾಯಲ್ಲಿದ್ದುದನ್ನು ತಟ್ಟೆಗೆ ಉಗಿದಳು. ಮೇಸ್ತ್ರಿ ತನ್ನ ಬೆರಳುಗಳನ್ನು ಒಂದೊಂದಾಗಿ ಬಾಯಲ್ಲಿಟ್ಟು ಚೀಪಿದ. ಹೊಸ ರುಚಿಯೇನೂ ತಿಳಿಯಲಿಲ್ಲ. ಅವನು ಕುಡಿಯುವ ನೀರಿಗೆ, ಉಣ್ಣುವ ಅನ್ನಕ್ಕೆ ಎಷ್ಟೋ ವರ್ಷದಿಂದ ಇದ್ದದ್ದು ಇದೇ ರುಚಿ.