ಉಮಾವತಿಯ ಪಿತ್ತನಾಳದ ಕಲ್ಲು ಹೊರಬಂದ ಬಗೆ

ಹಸಿದು ಬಂದವರಿಗೆ ಊರು ಕೇಳುವ ಮುನ್ನ ತಟ್ಟೆ ಇಡುವವರು. ರಾತ್ರಿಪಾಳಿ ಮುಗಿಸಿ ಬಂದವನಿಗೆ ಆರಿದ ಸಾರನ್ನು ಎಂದೂ ಬಡಿಸದವರು. ಬಾಯ್ತುಂಬ ಬೈದು, ಆ ಬೈಗುಳ ಮುಗಿಯುವುದರೊಳಗೆ ಇನ್ನೊಂದು ನೀರುದೋಸೆ ಹಾಕಿಬಿಡುವವರು. ದೇವರ ದೀಪಕ್ಕೆ ಕೈಮುಗಿಯದೆ ಒಲೆ ಹೊತ್ತಿಸದವರು. ಪರರ ಕಾಯಿಲೆಗೆ ಮರುಗಿ ತಮ್ಮದನ್ನು ಮಾತ್ರ ಮರೆಮಾಚುವವರು. ಇಂಥ ಗೃಹಿಣಿಯೊಬ್ಬರು ಮರಾಠಿ ನಾಡಿನ ಕಲ್ಯಾಣದ ಪಕ್ಕದ ಶಹಾಡಿನಲ್ಲಿ ಖಾನಾವಳಿ ನಡೆಸುತ್ತಿದ್ದರು. ಹೆಸರು ಉಮಾವತಿ. ಕರಾವಳಿಯಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರಿಗೆಲ್ಲ ಉಮಕ್ಕ.

2011ರ ಆಷಾಢದಲ್ಲಿ ಅವರ ಕಣ್ಣುಗಳು ಅರಿಶಿನದ ಬಣ್ಣಕ್ಕೆ ತಿರುಗಿದವು. ಪತಿ ಗುರುವಪ್ಪನವರು ಬೆಚ್ಚಿ, "ಉಮಾ, ಇದು ಕಾಮಾಲೆ!" ಎಂದರು.

"ಮೆಲ್ಲ ಹೇಳಿ ಮಾರಾಯ್ರೆ! ಕಾಮಾಲೆ ಬಂದವಳ ಕೈಯ ಊಟ ಯಾರು ಮಾಡ್ತಾರೆ?"

ರೈಲುಹಳಿಯ ಬದಿಯಲ್ಲಿ ಬೆಳೆದ ನೆಲನೆಲ್ಲಿಯನ್ನು ಅರೆದು ಹಾಲಿನಲ್ಲಿ ಕುಡಿದರು; ಉಪ್ಪು, ಎಣ್ಣೆ ಬಿಟ್ಟರು; ಗಂಡನ ಕಪ್ಪು ಕನ್ನಡಕ ಏರಿಸಿ ಒಲೆಯ ಮುಂದೆ ನಿಂತರು.

"ಎಂತ ಉಮಕ್ಕ, ಪಿಕ್ಚರಲ್ಲಿ ಹೀರೋಯಿನ್ ಆಗ್ಲಿಕ್ಕುಂಟಾ?" ಎಂದು ನಿತ್ಯ ಉಣ್ಣಲು ಬರುವ ದಯಾನಂದ ಕೆಣಕಿದ.

"ಕೆಂಗಣ್ಣು ಬಂದಿದೆ. ಸುಮ್ಮನೆ ಉಣ್ಣು."

"ಅಯ್ಯೋ, ಅದು ಅಂಟ್ತದೆ!" ಎಂದವನೇ ತಟ್ಟೆ ಎತ್ತಿಕೊಂಡು ಮೆಟ್ಟಿಲಿಗೆ ಓಡಿದ. ಮರುದಿನ ಅರ್ಧ ಜನ ಊಟಕ್ಕೇ ಬರಲಿಲ್ಲ.

ಅಷ್ಟರಲ್ಲಿ ಬಲಪಕ್ಕೆಯ ಕೆಳಗೆ ನೋವು ಕೆರಳಿ, ಚಳಿಜ್ವರ ಏರಿ, ಉಮಾವತಿ ಅನ್ನದ ಹಂಡೆಯ ಬಳಿ ಕುಸಿದರು. ಗುರುವಪ್ಪನವರು ರಿಕ್ಷಾದಲ್ಲಿ ಕಲ್ಯಾಣದ ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನ್ ನೋಡಿದ ಡಾಕ್ಟರು, ಇದು ಒಬ್ಬರಿಂದೊಬ್ಬರಿಗೆ ಹರಡುವ ಕಾಮಾಲೆಯೇ ಅಲ್ಲ, ಪಿತ್ತಕೋಶದಿಂದ ಜಾರಿದ ಕಲ್ಲು ನಾಳದಲ್ಲಿ ಸಿಕ್ಕಿ ಪಿತ್ತವನ್ನು ತಡೆದಿದೆ ಎಂದರು. ಬಚ್ಚಿಟ್ಟ ಕಷ್ಟವೆಲ್ಲ ವ್ಯರ್ಥವಾಯಿತಲ್ಲ ಎಂದು ಗುರುವಪ್ಪನವರು ಮರುಗಿದರು.

ಔಷಧದಿಂದ ಜ್ವರ ಇಳಿಯಿತು. ಬಾಯಿಯ ಮೂಲಕ ನಳಿಕೆ ಇಳಿಸಿ ಎಳೆದು ನೋಡಿದರು. ದಪ್ಪ ಕಲ್ಲು, ಜಗ್ಗಲಿಲ್ಲ. ಇನ್ನು ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ದುರ್ಬೀನಿನಿಂದ ತೆಗೆಯಬೇಕು. ಅದು ಕೈಗೂಡದಿದ್ದರೆ ಹೊಟ್ಟೆಯನ್ನೇ ಕೊಯ್ಯಬೇಕು.

"ದೊಡ್ಡ ಕೊಯ್ತ ಬೇಡ" ಎಂದು ಉಮಾವತಿ ಗಂಡನ ಕೈ ಹಿಡಿದರು. "ತಿಂಗಳುಗಟ್ಟಲೆ ಮಲಗಿದ್ರೆ ಹುಡುಗರು ಬೇರೆ ಕಡೆ ಊಟ ಹುಡುಕ್ತಾರೆ. ನಮ್ಮ ಒಲೆ ಮತ್ತೆ ಹೊತ್ತುದಿಲ್ಲ."

ಗುರುವಪ್ಪನವರು ಎರಡಕ್ಕೂ ಒಪ್ಪಿಗೆಯ ಸಹಿ ಹಾಕಿದರು.

ಆಪರೇಷನ್ ಕೋಣೆಯ ಹೊರಗೆ, ಒಳಗೆ ನಡೆಯುವುದನ್ನು ಬಂಧುಗಳು ನೋಡಲೆಂದು ಟೀವಿಯೊಂದಿತ್ತು. ಖಾನಾವಳಿಯ ಹುಡುಗರು ಪಾಳಿ ಬದಲಿಸಿಕೊಂಡು ಬಂದು ಸುತ್ತ ನಿಂತರು. ಗುರುವಪ್ಪನವರು ಕಣ್ಮುಚ್ಚಿ ನಾರಾಯಣಸ್ಮರಣೆ ಮಾಡುತ್ತಿದ್ದವರು, ಒಂದು ಕಣ್ಣು ತೆರೆದರು, ಆಮೇಲೆ ಎರಡನ್ನೂ. ಬೆಳಕು ಹೊತ್ತ ದುರ್ಬೀನು ನಾಳದೊಳಗೆ ಇಳಿಯುತ್ತಿತ್ತು. ನಸುಗೆಂಪು ಗುಹೆ, ಅದರಾಳದಲ್ಲಿ ಹುಣಿಸೆಬೀಜದಂಥ ಕಂದುಗಲ್ಲು! ತಂತಿಯ ಪುಟ್ಟ ಬುಟ್ಟಿಯೊಂದು ಅದರೆದುರು ಅರಳಿತು.

"ಅಗೋ ಗುರುವಣ್ಣ! ಹಿಡೀರಿ, ಹಿಡೀರಿ!" ದಯಾನಂದ ಕುಣಿದ. ಕಲ್ಲು ಜಾರಿತು. "ಛೇ! ಕ್ಯಾಚ್ ಬಿಟ್ರಲ್ಲ!"

"ಬಾಯಿ ಮುಚ್ಚು ದಯಾ! ಅದು ಕ್ರಿಕೆಟ್ ಅಲ್ಲ, ನನ್ನ ಹೆಂಡತಿ!"

"ಶಾಂತ ಬಸಾ!" ಎಂದು ನರ್ಸ್ ಮರಾಠಿಯಲ್ಲಿ ಗದರಿದಳು.

ಮತ್ತೆ ಬುಟ್ಟಿ, ಮತ್ತೆ ಜಾರಿತು. ಇನ್ನು ಕೊಯ್ತವೇ ಗತಿಯೇನೋ ಎಂದು ಗುರುವಪ್ಪನವರು ಟೀವಿಯ ಹತ್ತಿರಕ್ಕೆ ಸರಿದರು. ಪರದೆಯ ಮೇಲೆ ನೀರು ನುಗ್ಗಿ ಎಲ್ಲವೂ ಮಂಜಾಯಿತು. ಮಂಜು ತಿಳಿಯಾದಾಗ ಬುಟ್ಟಿ ಕಲ್ಲನ್ನು ದಾಟಿ ಅದರಾಚೆ ಅರಳಿತ್ತು. ಮೆಲ್ಲನೆ ಹಿಂದೆ ಸರಿಯಿತು, ಮುಚ್ಚಿತು, ಕಲ್ಲು ಒಳಗೆ! ಕ್ಷೀರಸಾಗರದಿಂದ ಅಮೃತಕಲಶ ಎದ್ದುಬಂದಂತೆ ಅದು ಮೇಲೇರಿತು.

"ಬಂತು! ಬಂತೋ!"

ಇಡೀ ಮಹಡಿ ನಡುಗುವಂತೆ ಕೂಗಿದವರು ಗುರುವಪ್ಪನವರೇ. ಈ ಸಲ ನರ್ಸೂ ನಕ್ಕಳು.

ಚೌತಿಯ ಹೊತ್ತಿಗೆ ಕಣ್ಣುಗಳು ಬೆಳ್ಳಗಾಗಿ ಉಮಾವತಿ ಒಲೆಯ ಮುಂದಿದ್ದರು. ಭಾರ ಎತ್ತಲು ಡಾಕ್ಟರ ಅಪ್ಪಣೆ ಇನ್ನೂ ದೊರೆತಿರಲಿಲ್ಲ; ಹುಡುಗರೇ ಸರದಿಯಂತೆ ಹಂಡೆ ಇಳಿಸುತ್ತಿದ್ದರು, ಚೆಲ್ಲಿದಾಗಲೆಲ್ಲ ಬೈಸಿಕೊಳ್ಳುತ್ತಿದ್ದರು.

ಆ ತಾಯಿಗೆ ಆಯುರಾರೋಗ್ಯ ತುಂಬಿರಲಿ. ಗುರುವಪ್ಪನವರೊಡನೆ ಅವರ ಬಾಳು ತಂಪಾಗಿರಲಿ. ಅಲ್ಲಿ ಉಂಡು ತಣಿದವರ ಹರಕೆ ಆ ಮನೆಗೆ ರಕ್ಷೆಯಾಗಲಿ. ಭಗವಂತನ ಕೃಪೆ ಆ ಹೊಸ್ತಿಲನ್ನು ಎಂದಿಗೂ ತೊರೆಯದಿರಲಿ.