ಹಳೇ ಕಲ್ಲು ಕೇಳಿದ ದಿನ

ನಾನು ಬಿ.ಎ. ಮುಗಿಸಿ ಹೈದರಾಬಾದಿಗೆ ಬಂದ ಎರಡನೆಯ ವರ್ಷದ ಮಾತಿದು. ಕೊರೊನಾ ಗದ್ದಲ ತಣ್ಣಗಾಗಿ ಜನ ಮತ್ತೆ ಒಬ್ಬರ ಮನೆಗೆ ಒಬ್ಬರು ಹೋಗಿಬರಲು ಶುರು ಮಾಡಿದ್ದರು. ಅದು ಯುಗಾದಿ ಕಳೆದ ಮೊದಲ ಭಾನುವಾರ. ನನ್ನ ಮದುವೆ ಬಸವರಾಜ್ ಅವರ ಜೊತೆ ಆಗುತ್ತದೋ ಇಲ್ಲವೋ ಎಂಬುದು ಆ ದಿನವೇ ತಿಳಿಯಬೇಕಿತ್ತು.

ನಮ್ಮದು ಕುಷ್ಟಗಿ ಕಡೆಯ ಹಳ್ಳಿ. ಅಪ್ಪ ಹೈದರಾಬಾದಿನ ಮಣಿಕೊಂಡದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ. ಅವನು ಗೋಡೆ ಎಬ್ಬಿಸಿದ ಅಪಾರ್ಟ್‌ಮೆಂಟುಗಳಿಗೆ ಲೆಕ್ಕವಿಲ್ಲ. ನಾವಿದ್ದದ್ದು ಮಾತ್ರ ತಗಡಿನ ಎರಡು ಕೋಣೆಯಲ್ಲಿ. ನಾನು ಊರಲ್ಲಿ ಅಜ್ಜಿಯ ಹತ್ತಿರ ಬೆಳೆದೆ, ಕೊಪ್ಪಳದ ಹಾಸ್ಟೆಲಿನಲ್ಲಿದ್ದು ಓದಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ಆ ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ತಗಡಿನ ಗೋಡೆಗೆ ಮೊಳೆ ನಿಲ್ಲದಿದ್ದಕ್ಕೆ ತಂತಿಯಿಂದ ಬಿಗಿದಿದ್ದ. ಬಂದವರೆಲ್ಲ ಅದನ್ನು ನೋಡಿಯೇ ಚಹಾ ಕುಡಿಯಬೇಕು. ನನಗೂ ಹೆಮ್ಮೆ ಕಡಿಮೆ ಇರಲಿಲ್ಲ, ಈಗಲೂ ಇಲ್ಲ. ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕಲಿತು, ಗಚ್ಚಿಬೌಲಿಯ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದ್ದೆ.

ಬಸವರಾಜ್ ಔಷಧಿ ಸರಬರಾಜಿನ ಕೆಲಸದಲ್ಲಿ ಇದ್ದವರು, ನಮ್ಮ ಕಡೆಯವರೇ. ನೋಡಿಹೋದರು, ಒಪ್ಪಿದರು. ನನಗೂ ಅವರು ಹಿಡಿಸಿದ್ದರು. ಒಪ್ಪದೇ ಇದ್ದವರು ಅವರ ತಾಯಿ ನೀಲಮ್ಮ. ಒಲ್ಲೆ ಅಂತಲೂ ಅನ್ನಲಿಲ್ಲ. ಒಮ್ಮೆ ಅಮಾವಾಸ್ಯೆ ಅಂದರು, ಒಮ್ಮೆ ಮೊಣಕಾಲು ನೋವು ಅಂದರು. ನಮ್ಮ ಮನೆಗೆ ಬಂದಾಗ ಗೋಡೆಯ ಸರ್ಟಿಫಿಕೇಟನ್ನು ಭಾಳ ಹೊತ್ತು ನೋಡಿ, ‘ನೀವು ಓದಿದವರು ಬಿಡ್ರಿ’ ಅಂದಿದ್ದರು. ನನಗೆ, ಸೊಸೆಯಾಗಬೇಕಾದವಳಿಗೆ, ‘ನೀವು’, ‘ರೀ’. ಆ ‘ರೀ’ ನನಗೆ ಮುಳ್ಳಿನ ಹಾಗೆ ಚುಚ್ಚಿತ್ತು. ನಮ್ಮ ಕಡೆ ಅತ್ತೆ ಸೊಸೆಗೆ ರೀ ಹಚ್ಚಿದಳು ಅಂದರೆ ಬಾಗಿಲು ಇನ್ನೂ ತೆಗೆದಿಲ್ಲ ಅಂತಲೇ ಅರ್ಥ.

ಬಸವರಾಜ್ ಒಂದು ಉಪಾಯ ಮಾಡಿದರು. ‘ಎಲ್ಲಾರೂ ಕೂಡಿ ಒಂದ್ ದಿನ ಎಲ್ಲರೆ ಹೋಗಿ ಬರೂಣು. ಅವ್ವ ನಿಮ್ಮ ಜೋಡಿ ನಾಕ ಮಾತಾಡಿದ್ರ ಸರಿ ಹೋಗತೈತಿ.’ ಎಲ್ಲಿಗೆ ಅನ್ನುವುದನ್ನು ನಾನೇ ಹೇಳಿದೆ. ನಮ್ಮ ಆಸ್ಪತ್ರೆಯ ನರ್ಸ್ ಒಬ್ಬಳ ಅಜ್ಜಿ ಊರು ಭುವನಗಿರಿಯ ಆಚೆ ಇತ್ತು. ‘ನಮ್ಮೂರ ಕೆರೆ ಹತ್ತಿರ ಒಂದು ಹಳೇ ಕಲ್ಲಿದೆ, ಅದರ ಮೇಲೆ ನಿಮ್ಮ ಕನ್ನಡದ ಹಾಗೇ ಅಕ್ಷರ ಇವೆ’ ಎಂದು ಅವಳು ಹಿಂದಿಯಲ್ಲಿ ಹೇಳಿದ್ದಳು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಆ ಕಡೆಗೆಲ್ಲ ಕನ್ನಡ ಶಾಸನ ಹಾಕಿಸಿದ್ದರೆಂದು ಕಾಲೇಜಿನಲ್ಲಿ ಓದಿದ್ದೆ. ತೆಲುಗು ನಾಡಿನಲ್ಲಿ ಕನ್ನಡ ಓದಿ ತೋರಿಸಿದರೆ ನೀಲಮ್ಮನವರು ಒಲಿಯದೆ ಏನು ಮಾಡುತ್ತಾರೆ ಅಂತ ನನ್ನ ಲೆಕ್ಕ.

ಬಸವರಾಜರ ಹಳೇ ಕಾರಿನಲ್ಲಿ ನಾವು ನಾಲ್ವರು ಹೊರಟೆವು. ಮುಂದೆ ಅಪ್ಪ ಮತ್ತು ಬಸವರಾಜ್, ಹಿಂದೆ ನಾನು ಮತ್ತು ನೀಲಮ್ಮ. ಊರು ಹಿಂದೆ ಬಿದ್ದ ಮೇಲೆ ಕಣ್ಣಿಗೆ ತಂಪಾಯಿತು. ಆನೆ ಮಲಗಿದ ಹಾಗೆ ಭುವನಗಿರಿಯ ಬಂಡೆ, ಅದರ ನೆತ್ತಿಯ ಮೇಲೆ ಕೋಟೆ. ಅದನ್ನು ದಾಟಿದರೆ ಹಸಿರು ಭತ್ತದ ಗದ್ದೆ, ಬದುವಿನ ಮೇಲೆಲ್ಲ ತಾಳೆ ಮರ. ಒಂದೊಂದು ಮರದ ತಲೆಯಲ್ಲೂ ಮಡಕೆ ಕಟ್ಟಿದ್ದರು. ‘ನೋಡ್ರಿ ಅಮ್ಮಾರ, ಎಷ್ಟ ಛಂದ ಐತಿ’ ಅಂದರೆ ನೀಲಮ್ಮ ‘ಹೂಂರಿ’ ಅನ್ನುವರು. ಆ ಮಡಕೆ ಕಂಡಾಗ ಮಾತ್ರ ಮುಖ ತಿರುಗಿಸಿದರು. ನಿತ್ಯ ಲಿಂಗಪೂಜೆ ಮಾಡುವವರು. ಅವರ ಮನೆಯಲ್ಲಿ ಸೇಂದಿ ಎಂಬ ಮಾತನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ.

ಮೌನ ತಡೆಯಲಾರದೆ ನಾನು ಪಾಠ ಶುರು ಮಾಡಿದೆ. ‘ತೆಲುಗು ಏನ್ ಭಾಳ ತ್ರಾಸ ಇಲ್ರಿ ಅಮ್ಮಾರ. ಕನ್ನಡದಾಗ ಹ ಇದ್ದಲ್ಲಿ ಪ ಹಾಕಿದ್ರ ಮುಗೀತು. ಹಾಲು ಪಾಲು, ಹುಲಿ ಪುಲಿ, ಹಾವು ಪಾಮು. ಹ ಇಲ್ಲದ ಮಾತು ಹಂಗ ಇಟ್ರಾತು.’ ಮುಂದೆ ಅಪ್ಪ ಕೆಮ್ಮಿದ. ನೀಲಮ್ಮ ‘ನೀವು ಓದಿದವರು, ನಿಮಗ ಗೊತ್ತಿರತೈತಿ’ ಅಂದು ಕಿಟಕಿಯ ಕಡೆ ತಿರುಗಿದರು.

ನರ್ಸ್ ಹೇಳಿದ ಊರು ಬಂತು, ಓಣಿ ಕಿರಿದು. ಬಿದ್ದುಹೋದ ಒಂದು ಹಳೇ ದೊರೆ ಮನೆಯ ಹತ್ತಿರ ಕಾರು ಮುಂದೆ ಹೋಗಲಿಲ್ಲ. ಗಂಡಸರು ಕಾರನ್ನು ಹಿಂದೆ ಒಯ್ದು ನಿಲ್ಲಿಸಿ ಬರುತ್ತೇವೆಂದರು. ನಾವಿಬ್ಬರೂ ಇಳಿದೆವು. ಕಟ್ಟೆಯ ಮೇಲೆ ಒಬ್ಬ ಅಜ್ಜಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು. ಅವಳ ಹೆಸರು ಯಾದಮ್ಮ ಅಂತ ಆಮೇಲೆ ತಿಳಿಯಿತು. ನಾನು ನನ್ನ ಸೂತ್ರದ ಪ್ರಕಾರ ತೆಲುಗು ಜೋಡಿಸಿ, ಗಟ್ಟಿಯಾಗಿ ಕೇಳಿದೆ: ‘ಅಮ್ಮಾ, ಈ ಊರಿಲೋ ಪಾತ ಕಲ್ಲು ಎಕ್ಕಡ ಉಂದಿ?’ ಈ ಊರಲ್ಲಿ ಹಳೇ ಕಲ್ಲು ಎಲ್ಲಿದೆ ಅಂತ.

ಅಜ್ಜಿ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ನನ್ನ ಪಕ್ಕದಲ್ಲಿ ವಿಭೂತಿ ಧರಿಸಿ ನಿಂತ ನೀಲಮ್ಮನನ್ನೂ ನೋಡಿದಳು. ‘ಪಾತದಿ ಎಂದುಕು ಬಿಡ್ಡಾ? ಪೊದ್ದುಗಾಲ ದಿಂಚಿಂದಿ ಉನ್ನದಿ’ ಅಂದಳು. ಹಳೆಯದು ಯಾಕೆ ಮಗಳೇ, ಬೆಳಿಗ್ಗೆ ಇಳಿಸಿದ್ದೇ ಇದೆ ಅಂತ. ನನಗೆ ಅಷ್ಟು ಅರ್ಥವಾಯಿತು. ‘ಕಲ್ಲನ್ನ ಮುಂಜಾನೇನ ಇಳಿಸಿ ಇಟ್ಟಾರಂತ್ರಿ ಅಮ್ಮಾರ. ತೊಳೆಯಾಕ ಇರಬೇಕು’ ಎಂದು ವಿವರಿಸಿದೆ. ನೀಲಮ್ಮ ‘ಹೂಂರಿ’ ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಧೂಳಿಗೆ ಅಂದುಕೊಂಡೆ.

‘ಎಂತ ಕಾವಾಲೆ?’ ಅಂತ ಅಜ್ಜಿ ಕೇಳಿದಳು. ಎಷ್ಟು ಬೇಕು ಅಂದಿದ್ದಳು; ಎಷ್ಟು ದೊಡ್ಡದು ಅಂದಳೆಂದು ತಿಳಿದ ನಾನು ಕೈಯನ್ನು ನನ್ನ ತಲೆಗಿಂತ ಮೇಲೆ ಎತ್ತಿ, ‘ಇಂತ ಪೆದ್ದದಿ’, ಇಷ್ಟು ದೊಡ್ಡದು, ಎಂದು ತೋರಿಸಿದೆ. ಅಜ್ಜಿ ಹುಣಸೆಹಣ್ಣು ಅಲ್ಲೇ ಬಿಟ್ಟು, ‘ಅಮ್ಮೋ!’ ಎಂದು ಕೆನ್ನೆಗೆ ಕೈಯಿಟ್ಟು ಎದ್ದಳು. ಇಂಥ ಗಿರಾಕಿಯನ್ನು ಅವಳು ಕಂಡಿರಲಿಕ್ಕಿಲ್ಲ.

ಅವಳ ಹಿಂದೆ ನಡೆದೆವು. ಕೆರೆ ಏರಿ ದಾಟಿದರೆ ದಟ್ಟವಾದ ತಾಳೆ ತೋಪು. ಬಿಳಿ ಕೊಕ್ಕರೆ, ಕೆರೆಯ ಗಾಳಿ, ಗರಿಗಳ ಸಪ್ಪಳ. ಜೊತೆಗೆ ಒಂದು ಹುಳಿ ವಾಸನೆ. ತೋಪಿನ ನಡುವೆ ಗರಿಯ ಚಪ್ಪರ, ಅದರಡಿ ಸಾಲಾಗಿ ನೊರೆ ಉಕ್ಕುವ ಮಡಕೆ. ಐದಾರು ಜನ ಗಂಡಸರು ತಾಳೆ ಎಲೆಯನ್ನು ದೊನ್ನೆ ಮಾಡಿ ಬಾಯಿಗೆ ಹಿಡಿದಿದ್ದವರು ನಮ್ಮನ್ನು ಕಂಡು ಹಾಗೆಯೇ ನಿಂತರು. ಯಾದಮ್ಮ ಮರದ ಮೇಲಿದ್ದ ಗಂಡನಿಗೆ ಕೂಗಿ ಹೇಳಿದಳು. ನನಗೆ ತಿಳಿದದ್ದು ಇಷ್ಟು: ಪಟ್ಟಣದ ಅಮ್ಮಗಾರು ಬಂದಿದ್ದಾರೆ, ಆಳೆತ್ತರದ ಮಡಕೆ ಬೇಕಂತೆ.

ಆಗ ನನ್ನ ತಲೆಯಲ್ಲಿ ಬೆಳಕು ಬಿತ್ತು. ನಮ್ಮ ಕಲ್ಲು ಅವರ ಕಿವಿಗೆ ಕಳ್ಳು. ಅತ್ತೆಯಾಗಬೇಕಾದವರನ್ನು, ಲಿಂಗಪೂಜೆಯವರನ್ನು, ನಾನು ನಡೆಸಿಕೊಂಡು ಬಂದು ಸೇಂದಿ ಅಂಗಡಿಯಲ್ಲಿ ನಿಲ್ಲಿಸಿದ್ದೆ. ಸಂಬಂಧ ಮುಗಿಯಿತು ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ‘ಅಮ್ಮಾರ, ತಪ್ಪಾತ್ರಿ, ನಾ ಕೇಳಿದ್ದು ಕಲ್ಲು...’ ಅನ್ನುವಷ್ಟರಲ್ಲಿ ಒಂದು ವಿಚಿತ್ರ ಸಪ್ಪಳ ಕೇಳಿತು. ನೀಲಮ್ಮ ಸೆರಗು ಬಿಟ್ಟು, ತಾಳೆ ಮರಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

‘ನನಗ ಅಲ್ಲೇ ಗೊತ್ತಾಗಿತ್ರಿ’ ಅಂದರು, ಕಣ್ಣೊರೆಸಿಕೊಳ್ಳುತ್ತ. ‘ಇಪ್ಪತ್ತ ವರ್ಷ ಆತು ಹೈದರಾಬಾದಿನ್ಯಾಗ. ಕಲ್ಲು ಅಂದ್ರ ಸೇಂದಿ ಅಂತ ಗೊತ್ತಾಗಂಗಿಲ್ಲೇನು?’

‘ಮತ್ತ ಯಾಕ ಹೇಳಲಿಲ್ರಿ?’

ಅವರ ನಗು ನಿಂತಿತು. ‘ಓದಿದವರಿಗೆ ನಾ ಏನ ಹೇಳಲಿ ಅಂತ ಸುಮ್ಮಕಿದ್ದೆ. ನಾ ಮೂರನೇತ್ತೆಗೇ ಸಾಲಿ ಬಿಟ್ಟಾಕಿ. ನೀವು ನಮ್ಮ ಮನಿಗೆ ಬಂದ್ರ ದಿನಾ ಹಿಂಗ ಆಗತೈತಿ. ನನ್ನ ಮನ್ಯಾಗ ನಾನ ಬಾಯಿ ಮುಚಗೊಂಡು ಕುಂದರಬೇಕು. ಅದಕ್ಕ ಅಂಜಿಕಿ ನನಗ.’

ಅಮಾವಾಸ್ಯೆ ಇದೇ, ಮೊಣಕಾಲು ನೋವೂ ಇದೇ ಎಂದು ಆಗ ತಿಳಿಯಿತು. ‘ಬಾಯಿ ಮುಚ್ಚಬ್ಯಾಡ್ರಿ ಅಮ್ಮಾರ. ಬೈದ ಹೇಳ್ರಿ. ನಮ್ಮಜ್ಜಿ ಬೈದ ಹೇಳ್ತಿದ್ಲು, ಅದಕ್ಕ ನಾ ಡಿಗ್ರಿ ಮುಟ್ಟೀನಿ’ ಅಂದೆ. ಅವರು ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿದರು, ಸ್ವಲ್ಪ ಒರಟಾಗಿಯೇ.

ಯಾದಮ್ಮನಿಗೆ ನೀಲಮ್ಮನೇ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಎಂಥ ಸಲೀಸಾದ ತೆಲುಗು! ಅಜ್ಜಿ ಹಣೆ ಬಡಿದುಕೊಂಡಳು. ‘ರಾಯಿ ಅನಾಲೆ ಗದಾ ಬಿಡ್ಡಾ!’, ಕಲ್ಲಿಗೆ ರಾಯಿ ಅನ್ನಬೇಕಲ್ಲವೇ ಮಗಳೇ, ಎಂದು ಬೈದು, ತೋಪಿನ ಅಂಚಿಗೆ ಕರೆದುಕೊಂಡು ಹೋದಳು. ಅಲ್ಲಿ ನಿಂತಿತ್ತು ನಮ್ಮ ಕಲ್ಲು, ನನ್ನೆದೆಯ ಎತ್ತರ. ಅದಕ್ಕೆ ಅರಿಸಿನ ಬಳಿದು ಎಲ್ಲಮ್ಮ ಅಂತ ಪೂಜೆ ಮಾಡುತ್ತಾರಂತೆ. ಯಾದಮ್ಮನ ಗಂಡ ಮರದಿಂದ ಇಳಿದು ಬಂದವನು ತನ್ನ ಮಡಕೆಯ ಮೊದಲ ಗುಟುಕನ್ನು ಅದರ ಬುಡಕ್ಕೆ ಸುರಿದ. ‘ನೋಡ್ರಿ, ಕಲ್ಲಿಗೂ ಕಲ್ಲು ಬೇಕಂತ’ ಅಂದರು ನೀಲಮ್ಮ. ಸೇಂದಿ ಕಂಡರೆ ಮುಖ ತಿರುಗಿಸುವವರು ಅಲ್ಲಿ ಕೈ ಮುಗಿದರು.

ನಾನು ಬಗ್ಗಿ ಓದಲು ನೋಡಿದೆ. ಸತ್ಯ ಹೇಳಬೇಕೆಂದರೆ ಮೊದಲ ಪದ ‘ಸ್ವಸ್ತಿ’ ಬಿಟ್ಟು ಮುಂದೆ ಹೋಗಲಾಗಲಿಲ್ಲ. ‘ನನಗೂ ಬರವಲ್ದು’ ಅಂದೆ. ನೀಲಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದು ದುಂಡಗಿನ ಅಕ್ಷರದ ಮೇಲೆ ಬೆರಳಿಟ್ಟರು. ‘ಇದು ರ ಹೌದಲ್ಲ?’ ಹೌದು, ರ ಇದ್ದ ಹಾಗೇ ಇತ್ತು. ಇಬ್ಬರೂ ಕೂಡಿ ರ ಹುಡುಕಿದೆವು. ಯಾದಮ್ಮ ಎಳೆ ತಾಳೆಕಾಯಿ ಕೆತ್ತಿಸಿ ತಂದುಕೊಟ್ಟಳು. ನೀಲಮ್ಮ ಅದರ ತಂಪು ತಿರುಳನ್ನು ಗಲ್ಲದ ಮೇಲೆ ನೀರು ಸುರಿಸಿಕೊಂಡು ತಿಂದರು.

ಆಗ ಗಂಡಸರು ಬಂದರು. ಊರಲ್ಲಿ ಕೇಳಿದ್ದಕ್ಕೆ ಇಬ್ಬರು ಹೆಂಗಸರು ಕಳ್ಳು ಕುಡಿಯಲು ಹೋದರೆಂದು ಯಾರೋ ಹೇಳಿದ್ದರಂತೆ. ಅಪ್ಪನ ಮುಖದಲ್ಲಿ ರಕ್ತ ಇರಲಿಲ್ಲ. ‘ಏನವಾ ಇದು, ಬೀಗರನ್ನ ಎಲ್ಲಿಗೆ ಕರಕೊಂಡ್ ಬಂದೀ?’

ನೀಲಮ್ಮ ಎದ್ದು ಸೀರೆ ಕೊಡವಿದರು. ‘ನಿಮ್ಮ ಮಗಳು ಹಳೇ ಸೇಂದೀನ ಬೇಕಂದ್ಲರಿ. ಅದೂ ಆಳೆತ್ತರದ್ದು.’ ಆಮೇಲೆ ನನ್ನ ಕಡೆ ತಿರುಗಿದರು. ‘ನಮ್ಮ ಮನ್ಯಾಗ ಸೊಸಿಗೆ ಲಗ್ನದಾಗ ಬ್ಯಾರೆ ಹೆಸರ ಇಡೋ ಪದ್ಧತಿ ಐತಿ. ನಿನ್ನ ಸರ್ಟಿಫಿಕೇಟಿನ್ಯಾಗ ಸವಿತಾನ ಇರಲಿ. ಮನ್ಯಾಗ ನೀ ಕಲ್ಲವ್ವ. ಬಾ, ಹೊತ್ತಾತು, ನಡಿ.’

ನಿನ್ನ, ನೀ, ಬಾ, ನಡಿ. ರೀ ಎಲ್ಲೂ ಇರಲಿಲ್ಲ. ಬಸವರಾಜ್ ನಗು ಅಡಗಿಸಲು ಮುಖ ಆ ಕಡೆ ಮಾಡಿ ನಿಂತರು. ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಈಗಲೂ ನಾನು ಅದೇ ಕೌಂಟರಿನಲ್ಲಿದ್ದೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆಯ ಫೋನ್ ಬರುತ್ತದೆ. ‘ಏ ಕಲ್ಲವ್ವಾ, ಉಂಡಿಯೇನು?’ ಎಂದು ಅವರು ಕೂಗುವುದು ಪಕ್ಕದ ಕುರ್ಚಿಗೂ ಕೇಳುತ್ತದೆ. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಅದಕ್ಕೇ ನಮ್ಮ ಕೌಂಟರಿನ ಹುಡುಗಿಯರು ನನ್ನನ್ನು ಕಳ್ಳಿನ ಅಜ್ಜಿ ಎಂದು ನಗುತ್ತಾರೆ. ತಿದ್ದಲು ಹೋಗುವುದಿಲ್ಲ. ಡಿಗ್ರಿ ನಾನು ಕಷ್ಟಪಟ್ಟು ತೆಗೆದುಕೊಂಡದ್ದು, ಅದರ ಹೆಮ್ಮೆ ಸಾಯುವ ತನಕ ಇರುತ್ತದೆ. ಆದರೆ ಈ ಮನೆಯ ಬಾಗಿಲನ್ನು ತೆಗೆದದ್ದು ಆ ಡಿಗ್ರಿಯಲ್ಲ, ಅವತ್ತು ನಾನು ಗಟ್ಟಿಯಾಗಿ ಆಡಿದ ಒಂದು ತಪ್ಪು ಮಾತು.